ಕಡಿತದ ಕಾಲದಲ್ಲಿ ತಂಡ ಒಡೆಯದಿರಲಿ

2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಹೆಚ್ಚಿನ ಪೆಟ್ಟು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಆ ಸುದ್ದಿ ಪುಣೆಯ ಹಿಂಜೆವಾಡಿಯಲ್ಲಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಬೇರೆ ಕಂಪನಿಗಳವರಲ್ಲೂ ಒಂದೇ ಪ್ರಶ್ನೆ ಎಬ್ಬಿಸಿತು: ಮುಂದಿನ ಸರದಿ ಯಾರದು?

ಕೆಲಸ ಕಳೆದುಕೊಂಡವರ ಕಷ್ಟ ಸುದ್ದಿಯಾಗುತ್ತದೆ. ಉಳಿದವರ ನಡುವೆ ಆಗುವ ಬದಲಾವಣೆ ಸುದ್ದಿಯಾಗುವುದಿಲ್ಲ. ತನಗೆ ಮಾತ್ರ ಗೊತ್ತಿರುವುದೇ ತನಗೆ ರಕ್ಷಣೆ ಎಂಬ ಭಾವನೆ ಬೆಳೆಯುತ್ತದೆ. ಹೊಸಬರಿಗೆ ಹೇಳಿಕೊಡುವುದು ನಿಲ್ಲುತ್ತದೆ. ಸಣ್ಣ ತಪ್ಪಿನ ಇಮೇಲ್‌ಗೂ ಮ್ಯಾನೇಜರನ್ನು ಸೇರಿಸುವುದು ಶುರುವಾಗುತ್ತದೆ. ಇದು ಬರೀ ಸ್ವಭಾವದ ದೋಷವಲ್ಲ. ಸಹೋದ್ಯೋಗಿಗಳನ್ನು ಒಬ್ಬರ ಎದುರು ಒಬ್ಬರನ್ನಿಟ್ಟು ತೂಗುವ ಬೆಲ್ ಕರ್ವ್ ಮೌಲ್ಯಮಾಪನದಲ್ಲಿ ನೆರವಾದವರೇ ಹಿಂದೆ ಬೀಳಬಹುದು.

ಆದ್ದರಿಂದ ಒಗ್ಗಟ್ಟಿನ ಉಪದೇಶ, ಟೀಮ್ ಔಟಿಂಗ್ ಸಾಲದು. ಮ್ಯಾನೇಜರ್ ತಮಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ವಾರಕ್ಕೊಮ್ಮೆ ನೇರವಾಗಿ ಹೇಳಬೇಕು. ಮೌನವಿದ್ದಲ್ಲಿ ವದಂತಿ ಬೆಳೆಯುತ್ತದೆ. ಯಾರು ಕಲಿಸಿದರು, ಯಾರು ಬರೆದಿಟ್ಟರು ಎಂಬುದು ಮೌಲ್ಯಮಾಪನದಲ್ಲಿ ಹೆಸರು ಸಮೇತ ದಾಖಲಾಗಬೇಕು. ಹೋದವರ ಕೆಲಸವನ್ನು ಉಳಿದವರ ತಲೆಗೆ ಕಟ್ಟುವ ಮೊದಲು, ಯಾವ ಕೆಲಸ ಕೈಬಿಡಬಹುದು ಎಂದು ಕೂತು ತೀರ್ಮಾನಿಸಬೇಕು.

ನಮ್ಮ ಪಾಲೂ ಇದೆ. ಊರು ಬಿಟ್ಟು ಬಂದವರಿಗೆ ಕೆಲಸ ಹೋದರೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಅಲುಗಾಡುತ್ತವೆ. ಗೊತ್ತಿರುವುದನ್ನು ಬಚ್ಚಿಡುವ ಆಸೆ ಸಹಜ. ಆದರೆ ಮುಂದಿನ ಕೆಲಸ ಅನೇಕ ಬಾರಿ ಸಿಗುವುದು ಹಳೆಯ ಸಹೋದ್ಯೋಗಿಯ ಶಿಫಾರಸಿನಿಂದ. ಕಷ್ಟದ ದಿನಗಳಲ್ಲಿ ಜೊತೆಗೆ ನಿಂತವರನ್ನು ಅವರು ಮರೆಯುವುದಿಲ್ಲ.