ತಿದ್ದುಪಡಿಯ ಕೆಳಗೊಂದು ಸಹಿ

ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಕಂಡೊಡನೆ ನಮ್ಮ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಕೆಲವು ಪಾಲಕರಿಗಂತೂ ಮಗುವಿಗಿಂತ ಹೆಚ್ಚು ಅವಮಾನ! ಆದರೆ ಎಲ್ಲರೆದುರು ತಿದ್ದಿಸಿಕೊಳ್ಳುವುದನ್ನೇ ನಿಯಮ ಮಾಡಿಕೊಂಡಿರುವ ಒಂದು ದೊಡ್ಡ ಕೆಲಸವಿದೆ. ಅದೇ ಲಿನಕ್ಸ್ ಕರ್ನೆಲ್‌ನ ನಿರ್ಮಾಣ. ಕರ್ನೆಲ್ ಎಂದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ತಿರುಳು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಇದನ್ನು ಆರಂಭಿಸಿದರು. ಅದರಲ್ಲಿ ಯಂತ್ರದ ಬಿಡಿಭಾಗಗಳೊಡನೆ ವ್ಯವಹರಿಸುವ ತುಣುಕುಗಳಿಗೆ ‘ಡ್ರೈವರ್’ ಎಂದು ಹೆಸರು.

ಸೀರಿಯಲ್ ಪೋರ್ಟಿನ ಡ್ರೈವರನ್ನೇ ನೋಡೋಣ. ಇಲ್ಲಿ ಬಿಟ್‌ಗಳು ಇರುವೆ ಸಾಲಿನಂತೆ ಒಂದರ ಹಿಂದೊಂದು ಬರುತ್ತವೆ. ಒಂದು ಅಕ್ಷರಕ್ಕೆ 8 ಬಿಟ್, ಆರಂಭ ಮತ್ತು ಅಂತ್ಯ ತಿಳಿಸಲು ಒಂದೊಂದು, ಒಟ್ಟು 10. ಸೆಕೆಂಡಿಗೆ 1,15,200 ಬಿಟ್ ವೇಗವಿದ್ದರೆ 11,520 ಅಕ್ಷರಗಳು. ಅಂದರೆ ಸುಮಾರು 87 ಮೈಕ್ರೊಸೆಕೆಂಡಿಗೆ ಒಂದು. ಹಳೆಯ 8250 ಚಿಪ್‌ನಲ್ಲಿ, ಬಂದ ಅಕ್ಷರವನ್ನು ಇಟ್ಟುಕೊಳ್ಳಲು ಇದ್ದದ್ದು ಒಂದೇ ಜಾಗ. ಡ್ರೈವರ್ ಅಷ್ಟರೊಳಗೆ ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರ ಅದರ ಮೇಲೆಯೇ ಬಂದು ಕೂರುತ್ತದೆ. ಹಿಂದಿನದು ಅಳಿಸಿ ಹೋಯಿತು!

ಇದಕ್ಕಾಗಿ 16550 ಚಿಪ್‌ನಲ್ಲಿ 16 ಅಕ್ಷರಗಳ ಸರತಿ ಬಂತು. ಆದರೆ ಆ ಸರತಿಯಲ್ಲೇ ದೋಷವಿತ್ತು. 16550ಎ ಚಿಪ್‌ನಲ್ಲಿ ಅದನ್ನು ಸರಿಪಡಿಸಿದರು. ಹೀಗಾಗಿ ಡ್ರೈವರ್ ಮೊದಲು ಎದುರಿಗಿರುವ ಚಿಪ್ ಯಾವುದೆಂದು ಗುರುತಿಸಬೇಕು. ಸರತಿಯನ್ನು ಚಾಲೂ ಮಾಡಿ ಒಂದು ರಿಜಿಸ್ಟರನ್ನು ಓದಿದಾಗ ಮೇಲ್ತುದಿಯ ಎರಡು ಬಿಟ್ ‘00’ ಇದ್ದರೆ ಸರತಿಯೇ ಇಲ್ಲ. ‘10’ ಇದ್ದರೆ ದೋಷವುಳ್ಳದ್ದು. ‘11’ ಇದ್ದರೆ ಸರಿಯಾದದ್ದು. ಇಂಥ ಕಡೆ ಒಂದು ಸಾಲು ಬದಲಿಸಿದರೂ ಜೋಕೆ. ನಮ್ಮ ಮೇಜಿನ ಮೇಲೆ ಸರಿಯಾಗಿ ನಡೆದದ್ದು ಬೇರೆಲ್ಲೋ ಒಂದು ಯಂತ್ರದಲ್ಲಿ ಅಕ್ಷರಗಳನ್ನು ನುಂಗಬಹುದು.

ಆದ್ದರಿಂದಲೇ ತಿದ್ದುಪಡಿ, ಅಂದರೆ ‘ಪ್ಯಾಚ್’ ಕಳಿಸುವವರಿಗೆ ಕಟ್ಟುನಿಟ್ಟಿನ ಶಿಸ್ತು. ಒಂದು ಪ್ಯಾಚ್‌ಗೆ ಒಂದೇ ಬದಲಾವಣೆ. ಏನು ಬದಲಿಸಿದೆ ಎಂಬುದಷ್ಟೇ ಸಾಲದು, ಏಕೆ ಎಂದು ವಿವರಿಸಬೇಕು. 2004ರಿಂದ, ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬರ್ಥದ ಸಹಿಯೂ ಕೆಳಗಿರಬೇಕು. ಬಳಿಕ ಅನುಭವಿಗಳು ಸಾಲು ಸಾಲಾಗಿ ಓದುತ್ತಾರೆ. ‘ಯಾವ ಚಿಪ್‌ನಲ್ಲಿ ಪರೀಕ್ಷಿಸಿದಿರಿ? ಹಳೆಯದರ ಗತಿಯೇನು?’ ಎಂದು ಕೇಳುತ್ತಾರೆ. ಉತ್ತರ ಸಾಲದಿದ್ದರೆ ಎರಡನೆಯ ಆವೃತ್ತಿ, ಮೂರನೆಯ ಆವೃತ್ತಿ. ಪ್ರತಿ ಸಲವೂ ಹಿಂದಿನದಕ್ಕಿಂತ ಬದಲಾದದ್ದೇನೆಂದು ಬರೆಯಬೇಕು. ಈ ವಿಭಾಗವನ್ನು ಬಹುಕಾಲದಿಂದ ನೋಡಿಕೊಂಡಿರುವ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಒಪ್ಪಿದ ಮೇಲೆಯೇ ಅದು ಟೋರ್ವಾಲ್ಡ್ಸ್ ಕೈ ಸೇರುವುದು. ಪರಿಶೀಲಿಸಿದವರ ಹೆಸರೂ ಬರೆದವರ ಹೆಸರಿನೊಡನೆ ದಾಖಲಾಗುತ್ತದೆ. ಮೂರು ಸಲ ಮರಳಿ ಬಂದಿತೆಂದು ಯಾರೂ ನಗುವುದಿಲ್ಲ.

ಪಾಲಕರೇ, ಮಗುವಿನ ಲೆಕ್ಕ ತಪ್ಪಾದರೆ ಹಾಳೆ ಹರಿದು ಇಡೀ ಲೆಕ್ಕವನ್ನು ಮತ್ತೆ ಬರೆಸಬೇಡಿ. ತಪ್ಪಿದ ಹೆಜ್ಜೆಯನ್ನು ಮಗುವೇ ಹುಡುಕಲಿ, ಅದನ್ನಷ್ಟೇ ತಿದ್ದಲಿ, ಏಕೆ ತಪ್ಪಿತೆಂದು ಒಂದು ಸಾಲು ಬರೆದು ಸಹಿ ಹಾಕಲಿ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ವೇಗ ಸೆಕೆಂಡಿಗೆ 9,600 ಬಿಟ್ ಇದ್ದರೆ 16 ಅಕ್ಷರಗಳ ಸರತಿ ತುಂಬಲು ಎಷ್ಟು ಸಮಯ ಬೇಕು? ಸುಮಾರು 16.7 ಮಿಲಿಸೆಕೆಂಡ್ ಬರಬೇಕು. ಬರದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಿ, ಎರಡನೆಯ ಆವೃತ್ತಿ ಬರೆಯಿರಿ.