ದೆವ್ವದ ಸಿನಿಮಾ ಬೇಡವಂತೆ!

ಪ್ಲಾಸ್ಟಿಕ್ ಬೇಡ ಅಂತ ಒಂದು, ಮಾದಕ ವಸ್ತು ಬೇಡ ಅಂತ ಒಂದು, ಗಿಡ ನೆಡಿ ಅಂತ ಒಂದು. ನಮ್ಮ ಶಾಲೆಯ ಮಕ್ಕಳು ಇಷ್ಟರವರೆಗೆ ಮಾಡಿದ ಕಿರುಚಿತ್ರಗಳು ಇವು. ಮೂರರಲ್ಲೂ ಕೊನೆಗೆ ಒಬ್ಬ ಅಜ್ಜ ಬಂದು ಬುದ್ಧಿ ಹೇಳುತ್ತಾನೆ, ಮಕ್ಕಳು ತಲೆ ತಗ್ಗಿಸುತ್ತಾರೆ, ಹಿಂದಿನಿಂದ ಕೊಳಲು ಕೇಳುತ್ತದೆ. ಮೂರನ್ನೂ ಒಂದೊಂದು ಸಲ ತೋರಿಸಿದ್ದೇವೆ. ಇನ್ನೊಮ್ಮೆ ಹಾಕಿ ಸಾರ್ ಎಂದು ಕೇಳಿದ ಒಂದು ಮಗುವನ್ನೂ ನಾನು ನೋಡಿಲ್ಲ.

ಈ ಸಲ ಒಂಬತ್ತನೇ ಕ್ಲಾಸಿನ ಹನ್ನೊಂದು ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಸಾರ್, ನಾವು ಹಾರರ್ ಮಾಡ್ತೇವೆ" ಎಂದರು. ನಾನು ಹೂಂ ಎಂದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ!

ಪಿಟಿಎ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತರು. "ಮಾಷ್ಟ್ರೇ, ಕನ್ನಡ ಶಾಲೆಯಲ್ಲಿ ದೆವ್ವ ಪಿಶಾಚಿ ಎಂತಕ್ಕೆ? ಮಾಡುವುದಾದರೆ ಕನ್ನಡ ಶಾಲೆಯ ಕಷ್ಟದ ಬಗ್ಗೆ ಮಾಡಿಸಿ. ಬೆಂಗಳೂರಿನವರು ನೋಡಿದರೆ ನಾಲ್ಕು ಕಾಸು ಸಹಾಯವಾದರೂ ಮಾಡ್ಯಾರು." ಸಭೆ ಚಪ್ಪಾಳೆ ತಟ್ಟಿತು. ಅವರ ಮೇಲೆ ನನಗೆ ಗೌರವ ಇದೆ; ಅವರ ಮೂವರು ಮಕ್ಕಳೂ ನಮ್ಮಲ್ಲೇ ಓದಿದವರು. ಆದರೂ ಅವರು ಹೇಳಿದ್ದು ತಪ್ಪು, ತಟ್ಟಿದ ಚಪ್ಪಾಳೆ ಇನ್ನೂ ತಪ್ಪು. ಅಲ್ಲಿ ಬಾಯಿ ಬಾರದೆ ಕೂತವನು ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡ ಶಾಲೆಯ ಕಷ್ಟದ ಸಿನಿಮಾ ಆಗಲೇ ಬಂದಿದೆ. 2018ರಲ್ಲಿ ರಿಷಬ್ ಶೆಟ್ಟಿಯವರು ಮಾಡಿದ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. (ಅದರಲ್ಲಿ ಕಾಣುವ ಶಾಲೆ ಇರುವುದು ಗಡಿಯ ಆಚೆ, ಕೈರಂಗಳದಲ್ಲಿ. ಕಾಸರಗೋಡಿನ ಕತೆಗೆ ಕಾಸರಗೋಡೇ ಸಿಗಲಿಲ್ಲ, ಇರಲಿ.) ಆ ಚಿತ್ರ ಗೆದ್ದದ್ದು ಅತ್ತದ್ದಕ್ಕಲ್ಲ ಸ್ವಾಮಿ, ನಗಿಸಿದ್ದಕ್ಕೆ. ನಾವು ಮಾತ್ರ ನಮ್ಮ ಮಕ್ಕಳ ಕೈಗೆ ಕ್ಯಾಮರಾ ಕೊಟ್ಟು, ನಿಮ್ಮ ಬಡತನವನ್ನು ನೀವೇ ಅಭಿನಯಿಸಿ ಎನ್ನುತ್ತೇವೆ. ನವೆಂಬರ್ 1ಕ್ಕೆ ಒಮ್ಮೆ ಅಳಿಸಿದ್ದು ಸಾಲದೇ? ಹದಿನಾಲ್ಕು ವರ್ಷದ ಹುಡುಗಿಗೆ ಕನ್ನಡ ಎಂದರೆ ಆಸ್ಪತ್ರೆಯಲ್ಲಿ ಮಲಗಿದ ರೋಗಿ ಎಂದು ಎಷ್ಟು ವರ್ಷ ಹೇಳುವುದು?

ಈಗ ಈ ಮಕ್ಕಳು ಏನು ಮಾಡಿದರು ಎಂದು ಕೇಳಿ.

ಮೊದಲ ಮೂರು ವಾರ ಕ್ಯಾಮರಾ ಮುಟ್ಟಲೇ ಇಲ್ಲ. ದಿನಾ ಸಂಜೆ ಅರ್ಧ ಗಂಟೆ ಮಾತುಕತೆ. ಹನ್ನೊಂದು ಮಕ್ಕಳಲ್ಲಿ ತುಳು ಮನೆಯವರು ನಾಲ್ವರು, ಹವ್ಯಕ ಕನ್ನಡದವರು ಇಬ್ಬರು, ಬ್ಯಾರಿ ಇಬ್ಬರು, ಮರಾಠಿ ಒಬ್ಬ, ಕೊಂಕಣಿ ಒಬ್ಬಳು, ಮಲಯಾಳಂ ಒಬ್ಬಳು. ಪಾಠದ ಹೊತ್ತಲ್ಲಿ ಕನ್ನಡ, ಗಂಟೆ ಹೊಡೆದ ಮೇಲೆ ಅವರವರ ಮಾತು. ಇದು ನಮ್ಮ ಎಲ್ಲ ಶಾಲೆಗಳ ಕತೆ, ನಿಮಗೆ ಹೊಸದಲ್ಲ. ಆದರೆ ಇಲ್ಲಿ ಹನ್ನೊಂದು ಜನ ಜಗಳ ಮಾಡಬೇಕಿತ್ತು. ಜಗಳಕ್ಕೆ ಎಲ್ಲರಿಗೂ ಬರುವ ಭಾಷೆ ಒಂದೇ: ಕನ್ನಡ. ಪರೀಕ್ಷೆಯಲ್ಲಿ ಆರು ಸಾಲು ಬರೆಯಲು ಪೆನ್ನು ಕಚ್ಚುವ ಹುಡುಗ, ದೆವ್ವ ಯಾಕೆ ಮೊದಲ ದೃಶ್ಯದಲ್ಲೇ ಬರಬಾರದು ಎಂದು ಹತ್ತು ನಿಮಿಷ ವಾದಿಸಿದ. ಸ್ಕ್ರಿಪ್ಟು, ಶಾಟು ಅನ್ನುವುದನ್ನು ಹಾಗೇ ಇಟ್ಟುಕೊಂಡರು. ಜಂಪ್ ಸ್ಕೇರಿಗೆ ಮಾತ್ರ ಅವರದ್ದೇ ಹೆಸರು, 'ಗಕ್ಕ'. "ಮೂರು ಗಕ್ಕ ಜಾಸ್ತಿ ಆಯ್ತು, ಎರಡೇ ಸಾಕು" ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ಜಾಗದ ಯಜಮಾನರಿಗೆ ಅನುಮತಿ ಕೇಳಿ ಪತ್ರ, ಮನೆಯವರಿಗೆ ಒಪ್ಪಿಗೆ ಪತ್ರ, ಯಾರು ಯಾವ ದಿನ ಯಾವ ಬಣ್ಣದ ಅಂಗಿ ಹಾಕಿದ್ದರು ಎಂಬ ಪಟ್ಟಿ, ಖರ್ಚಿನ ಲೆಕ್ಕ. ನಾವು ವರ್ಷವಿಡೀ ಬೀದಿದೀಪ ಸರಿಮಾಡಿಸಿ ಎಂದು ಪಂಚಾಯತ್ ಅಧ್ಯಕ್ಷರಿಗೆ ಪತ್ರ ಬರೆಸುತ್ತೇವಲ್ಲ, ಅದಕ್ಕೆ ಯಾವ ಅಧ್ಯಕ್ಷರೂ ಉತ್ತರ ಕೊಟ್ಟದ್ದಿಲ್ಲ. ಈ ಪತ್ರಕ್ಕೆ ಉತ್ತರ ಬಂತು.

ಕತೆ ಅವರದ್ದೇ. ಗುಡ್ಡದ ಬುಡದಲ್ಲಿ ಒಂದು ಹಳೆ ಸುರಂಗ. ಗಡಿಯಾಚೆಯ ಓದುಗರಿಗೆ ಒಂದು ಮಾತು: ಸುರಂಗ ಎಂದರೆ ನಮ್ಮಲ್ಲಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಹರಿಸಿಕೊಳ್ಳುವ ದಾರಿ, ಒಬ್ಬ ಬಗ್ಗಿ ಹೋಗುವಷ್ಟು. ಅಗೆಯುವವರು ಮೇಣದ ಬತ್ತಿ ಹೊತ್ತಿಸಿಕೊಂಡು ಹೋಗುತ್ತಾರೆ. ಬತ್ತಿ ನಂದಿದರೆ ಒಳಗೆ ಗಾಳಿ ಸಾಲದು ಎಂದು ಹೊರಗೆ ಬರುತ್ತಾರೆ. ಸಿನಿಮಾದಲ್ಲಿ ಆ ಸುರಂಗದೊಳಗಿಂದ ಯಾರೋ ಮಕ್ಕಳನ್ನು ಕರೆಯುತ್ತಾರೆ. ಒಬ್ಬನನ್ನು "ಇಂಚಿ ಬಲ" ಎಂದು, ಒಬ್ಬಳನ್ನು "ಇತ್ಲಾಗಿ ಬಾ" ಎಂದು. ಅವರವರ ತಾಯಿಯ ದನಿ, ಅವರವರ ಮನೆಮಾತು. ಮಲಯಾಳಂ ಹುಡುಗಿಗೆ ಮಲಯಾಳಂ. ಹೆದರಿದಾಗಿನ ಕೂಗೂ ಹಾಗೇ, ಒಬ್ಬ ಅಪ್ಪೇ ಎಂದರೆ ಒಬ್ಬಳು ಅಬ್ಬೇ, ಇನ್ನೊಬ್ಬ ಉಮ್ಮಾ. ಎಲ್ಲ ಭಾಷೆ ಬರುವ ಆ ದೆವ್ವಕ್ಕೆ ಒಂದು ಮಾತ್ರ ಬರುವುದಿಲ್ಲ, ಶಾಲೆಯ ಕನ್ನಡ! ಕರೆದದ್ದು ನಿಜವಾದ ಅಮ್ಮನೋ ಅಲ್ಲವೋ ಎಂದು ತಿಳಿಯಲು ಮಕ್ಕಳು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಒಳಗಿಂದ ಉತ್ತರ ಇಲ್ಲ. ಬತ್ತಿ ನಂದುತ್ತದೆ.

ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಹೇಳಿಕೊಡಲು ನನ್ನ ತಲೆಗೆ ಹೊಳೆಯುತ್ತಲೂ ಇರಲಿಲ್ಲ. ವಿಷಯ ಗೊತ್ತಾದ ಕೂಡಲೇ ಸಭೆಯ ಹಿರಿಯರಿಗೂ ಖುಷಿಯಾಯಿತು: "ಹಾಗಾದರೆ ಕೊನೆಗೆ 'ಕನ್ನಡ ಉಳಿಸಿ' ಅಂತ ಒಂದು ಬೋರ್ಡು ಹಾಕಿ." ಮಕ್ಕಳು ಒಪ್ಪಲಿಲ್ಲ. ಬೋರ್ಡು ಹಾಕಿದರೆ ಯಾರೂ ಹೆದರುವುದಿಲ್ಲವಂತೆ. ಸರಿಯೇ ಅಲ್ಲವೇ?

ಸುರಂಗದೊಳಗೆ ಯಾರನ್ನೂ ಬಿಡಲಿಲ್ಲ. ಮಣ್ಣು ಕುಸಿದರೆ ಗತಿಯೇನು? ಎಲ್ಲವನ್ನೂ ಹೊರಗಿನಿಂದಲೇ ತೆಗೆದರು, ಮುಚ್ಚಂಜೆಯಲ್ಲಿ. ಮನೆಯೊಳಗಿನ ರಾತ್ರಿಗೆ ಕ್ಲಾಸಿನ ಕಿಟಕಿಗಳಿಗೆ ಕಪ್ಪು ಕಂಬಳಿ. ಲಿಟಲ್ ಕೈಟ್ಸ್‌ನ ಡಿಎಸ್ಎಲ್ಆರ್ ಕ್ಯಾಮರಾ, ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೆಡೆನ್‌ಲೈವ್. ಹೆಸರುಗಳನ್ನು ಒಬ್ಬ ಮನೆಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ತಂದ. ಶಾಲೆಯ ಲಿನಕ್ಸ್‌ನಲ್ಲಿ ಅದು ತೆರೆದಾಗ ಕನ್ನಡದ ಬದಲು ದೆವ್ವದ ಭಾಷೆಯೇ ಬಂತು! ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಬೇಕಾಯಿತು.

ನಾನು ಬೇಡ ಎಂದದ್ದು ಎರಡೇ. ಅದಕ್ಕೆ ಕಾರಣ ಹೇಳಬೇಕು, ಯಾಕೆಂದರೆ ಇಲ್ಲಿ ನನ್ನ ಪಕ್ಷದವರೂ ನನ್ನ ಜೊತೆ ಜಗಳಕ್ಕೆ ಬಂದಿದ್ದಾರೆ.

ಒಂದು, ದೈವದ ವೇಷ. ಸ್ಕ್ರಿಪ್ಟಿನಲ್ಲಿ ಮೊದಲು 'ಭೂತ' ಎಂದೇ ಬರೆದಿದ್ದರು, ಪಾಠಪುಸ್ತಕದ ಕನ್ನಡ ನೋಡಿ. ನಮ್ಮ ಊರಿನಲ್ಲಿ ಭೂತ ಎಂದರೆ ಕೈಮುಗಿಯುವುದು. ಸತ್ತವರು ಕಾಡುವುದಕ್ಕೆ ಇರುವ ಮಾತು 'ಕುಲೆ'. ಒಬ್ಬಳ ಅಜ್ಜಿ ಇದನ್ನು ಎತ್ತಿ ಹೇಳಿದ ಮೇಲೆ ಪುಸ್ತಕದ ತುಂಬ ಭೂತ ಹೊಡೆದು ಕುಲೆ ಬರೆದರು. 'ಕಾಂತಾರ'ದ ಎರಡನೇ ಚಿತ್ರ ಬಂದಾಗ, 2025ರಲ್ಲಿ, ದೈವವನ್ನು ಅನುಕರಿಸಬೇಡಿ ಎಂದು ಚಿತ್ರತಂಡದವರೇ ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಹೆದರಿಸಲು ಮುಖವರ್ಣಿಕೆಯೇ ಬೇಕಾದರೆ ಕುಂಬಳೆ ಪಾರ್ತಿಸುಬ್ಬನ ಸೀಮೆಯವರಿಗೆ ಬಣ್ಣದ ವೇಷ ಇಲ್ಲವೇ?

ಎರಡನೆಯದು ಹೆಚ್ಚು ಕಷ್ಟದ್ದು. ಒಬ್ಬ ಹುಡುಗ ಕುಲೆಯ ಚಿತ್ರ ಬರೆದು ತಂದ. ದೊಡ್ಡ ತಲೆ, ಸೊಟ್ಟ ಕೈಕಾಲು. ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಹುಡುಗನಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಮೊಬೈಲಿನಲ್ಲಿ ನೋಡಿದ ಇಂಗ್ಲಿಷ್ ಸಿನಿಮಾದ ದೆವ್ವ ಅದು. ಆದರೆ ಸಿನಿಮಾ ತೋರಿಸುವುದು ಎಲ್ಲಿ? ಎಣ್ಮಕಜೆ, ಪಡ್ರೆ, ಬೆಳ್ಳೂರು ಇರುವ ಜಿಲ್ಲೆಯಲ್ಲಿ. ಗೇರು ತೋಟಗಳ ಮೇಲೆ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಮಕ್ಕಳು ಹಾಗೆ ಹುಟ್ಟತೊಡಗಿದಾಗ ದೈವದ ಮುನಿಸು ಎಂದು ನಂಬಿ ಹರಕೆ ಹೇಳಿದವರಿದ್ದರು. ಡಾ. ವೈ. ಎಸ್. ಮೋಹನ ಕುಮಾರ್, ಶ್ರೀಪಡ್ರೆ ಮೊದಲಾದವರು ಬರೆದು ಬರೆದು, ಇದು ಶಾಪ ಅಲ್ಲ, ವಿಷ ಇರಬೇಕು ಎಂದು ಜನರ ಮುಂದೆ ಇಟ್ಟರು. ದೇಶಕ್ಕೆಲ್ಲ ನಿಷೇಧ ಬರಲು 2011 ಆಗಬೇಕಾಯಿತು. ಶಾಪ ಎಂಬ ಮಾತನ್ನು ಆ ಮನೆಗಳ ಮೇಲಿಂದ ತೆಗೆಯಲು ಅಷ್ಟು ಪಾಡುಪಟ್ಟ ಮೇಲೆ ನಮ್ಮ ಶಾಲೆಯ ಪರದೆಯ ಮೇಲೆ ಅದೇ ದೇಹವನ್ನು ದೆವ್ವ ಮಾಡಿ ನಿಲ್ಲಿಸುವುದೇ? ಅದನ್ನು ನೋಡಲು ಬರುವ ತಮ್ಮ ತಂಗಿಯರು ಯಾರು? ಮಕ್ಕಳಿಗೆ ಇಷ್ಟೇ ಹೇಳಿದೆ. ಒಂದು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗನೇ "ಕಾಣುವುದೇ ಬೇಡ ಸಾರ್, ದನಿ ಮಾತ್ರ ಸಾಕು" ಎಂದ. ಸಿನಿಮಾ ಒಳ್ಳೆಯದಾದದ್ದು ಅಲ್ಲಿಂದ. ಚಿತ್ರ ನಿಲ್ಲಿಸಿ ಎಂದು ಕೂಗಿದವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ ಎಂಬುದನ್ನೂ ಗಮನಿಸಿ. ಅವರಿಗೆ ಬೇಡವಾಗಿದ್ದದ್ದು 'ಹಾರರ್' ಎಂಬ ಶಬ್ದ ಅಷ್ಟೆ.

ಇನ್ನು ಪ್ರಚಾರ. ಇಲ್ಲಿ ತಪ್ಪಾಯಿತು, ಒಪ್ಪಿಕೊಳ್ಳುತ್ತೇನೆ.

ಮೇ ತಿಂಗಳ ಕೊನೆಯ ವಾರ. ಪ್ರಚಾರದ ಮೀಟಿಂಗಿಗೆ ನಾನು ಕೂತಿರಲಿಲ್ಲ. ಗುಂಪಿನಲ್ಲಿ ಒಳ್ಳೆ ದನಿಯ ಒಬ್ಬ ಇದ್ದಾನೆ. ಶಾಲೆಯ ಹಳೆ ಕಟ್ಟಡದ ಹತ್ತಿರ ರಾತ್ರಿ ಹೊತ್ತು ಯಾರೋ ಕರೆಯುವುದು ಕೇಳಿಸುತ್ತದೆ ಎಂದು ಗಾಬರಿಯ ದನಿಯಲ್ಲಿ ಒಂದು ವಾಯ್ಸ್ ಮೆಸೇಜು ಮಾಡಿ ಬಿಟ್ಟ. ಸಿನಿಮಾ ಎಂಬ ಮಾತೇ ಅದರಲ್ಲಿ ಇಲ್ಲ. ಕುತೂಹಲ ಹುಟ್ಟಿಸುವ ಉಪಾಯವಂತೆ. ಹೊಸ ಉಪಾಯವೇನಲ್ಲ, 1999ರಲ್ಲಿ ಅಮೆರಿಕದ 'ಬ್ಲೇರ್ ವಿಚ್ ಪ್ರಾಜೆಕ್ಟ್' ಎಂಬ ಚಿತ್ರವನ್ನು ನಿಜವಾಗಿ ನಡೆದದ್ದೆಂದು ವೆಬ್‌ಸೈಟ್ ಮಾಡಿ ನಂಬಿಸಿದ್ದರು. ನಟಿಯ ತಾಯಿಗೆ ಸಂತಾಪದ ಪತ್ರಗಳು ಬಂದವಂತೆ. ನಮಗೆ ಬಂದದ್ದು ಸಂತಾಪ ಅಲ್ಲ. ಜೂನ್ ಬಂದರೆ ಆರನೇ ಕೆಲಸದ ದಿನದ ತಲೆ ಎಣಿಕೆ. ಒಂದೆರಡು ಮಗು ಕಮ್ಮಿಯಾದರೂ ಡಿವಿಜನ್ ಹೋಯಿತು, ಒಂದು ಹುದ್ದೆ ಹೋಯಿತು. ನಾವು ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳುತ್ತಿರುವ ಅದೇ ವಾರ ಒಬ್ಬರು ತಾಯಿ ಬಂದು "ಮಾಷ್ಟ್ರೇ, ಶಾಲೆಯಲ್ಲಿ ಎಂತದೋ ಉಂಟಂತೆ ಹೌದಾ?" ಎಂದು ಕೇಳಿದರು. ಅವರ ಮಗು ಒಂದನೇ ಕ್ಲಾಸಿಗೆ ನಮ್ಮಲ್ಲಿ ಸೇರಲಿಲ್ಲ. ಬಸ್ಸಿನ ಕಾರಣಕ್ಕೆ ಎಂದು ಆಮೇಲೆ ಹೇಳಿ ಕಳಿಸಿದರು. ಇರಬಹುದು.

"ನೋಡಿದಿರಾ, ನಾವು ಆಗಲೇ ಹೇಳಲಿಲ್ಲವಾ?" ಎಂದರು ಎಲ್ಲರೂ. ಇಲ್ಲ, ನೀವು ಇದನ್ನು ಹೇಳಿರಲಿಲ್ಲ. ತಪ್ಪು ದೆವ್ವದ್ದಲ್ಲ, ಸುಳ್ಳಿನದ್ದು. ತುಮಿನಾಡಿನ ಜೆ. ಪಿ. ಅವರ 'ಸು ಫ್ರಮ್ ಸೋ' ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಒಬ್ಬ ಮೈಮೇಲೆ ಬಂದಂತೆ ನಟಿಸುತ್ತಾನೆ, ಊರಿಗೆ ಊರೇ ನಂಬುತ್ತದೆ, ಅದು ಯಾರ ಮನೆಗೋ ಹೋಗಿ ತಾಗುತ್ತದೆ. ನಮ್ಮ ಮಂಜೇಶ್ವರದ ಕಡೆಯವರೇ ಮಾಡಿದ ದೆವ್ವದ ಸಿನಿಮಾ 2025ರ ಜುಲೈಯಲ್ಲಿ ಕರ್ನಾಟಕವನ್ನೆಲ್ಲ ನಗಿಸಿತು. ಅದು ಓಡಿದ್ದು ಮೊದಲೇ ಕೆಲವು ಊರುಗಳಲ್ಲಿ ತೋರಿಸಿ, ನೋಡಿದವರ ಬಾಯಿಂದ. ಒಂದು ವಾರದೊಳಗೆ ಮಲಯಾಳಂನಲ್ಲೂ ಬಂತು. ಅದಕ್ಕೆ ಚಪ್ಪಾಳೆ ತಟ್ಟಿದ ಕೈಗಳೇ ಈಗ ನಮ್ಮ ಒಂಬತ್ತನೇ ಕ್ಲಾಸಿಗೆ ಬೇಡ ಎನ್ನುತ್ತಿವೆ.

ಆ ಹುಡುಗನೇ ಇನ್ನೊಂದು ಮೆಸೇಜು ಮಾಡಿದ, ತನ್ನದೇ ದನಿಯಲ್ಲಿ, ಅದು ನಾವು ಮಾಡಿದ ಸಿನಿಮಾದ ಕತೆ ಎಂದು. ಆಮೇಲಿನ ಪ್ರಚಾರ ಮೇಳದವರ ಕ್ರಮದಲ್ಲಿ. ಜೀಪಿನಲ್ಲಿ ಮೈಕು ಕಟ್ಟಿ ಕರಪತ್ರ ಹಾರಿಸುತ್ತಾ ಹೋಗುತ್ತಿದ್ದರಲ್ಲ, ಸಂಜೆಗೆ ಕೇಳಿ ಬಾರಿಸಿದರೆ ಗುಡ್ಡದ ಆಚೆಗೂ ಆಟ ಇದೆ ಎಂದು ಗೊತ್ತಾಗುತ್ತಿತ್ತು. ಜೀಪು ನಮಗೆ ಎಲ್ಲಿಂದ? ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಮೈಕಿನಲ್ಲಿ ಭಾಗವತರ ಧಾಟಿಯಲ್ಲಿ ಘೋಷಣೆ, ಅಂಗಡಿಗಳಲ್ಲಿ ಕೈಬರಹದ ಪೋಸ್ಟರು. ಸಣ್ಣ ಮಕ್ಕಳು ಅಮ್ಮನ ಜೊತೆ ಕೂರಬೇಕೆಂದು ಕೆಳಗೆ ಬರೆದಿತ್ತು. ಪೋಸ್ಟರಿನಲ್ಲಿ ಕನ್ನಡದ ಕೆಳಗೆ ಮಲಯಾಳಂ ಇದ್ದದ್ದಕ್ಕೆ ಒಬ್ಬ ಅಭಿಮಾನಿಗಳು ಫೋನು ಮಾಡಿ ಬೈದರು. ಪಕ್ಕದ ಡಿವಿಜನ್ನಿನ ಮಲಯಾಳಂ ಮಕ್ಕಳು ಬಂದು, ಕನ್ನಡ ಮಕ್ಕಳ ಸಿನಿಮಾ ನೋಡಿ ಹೆದರಿ ಹೋದದ್ದು ಅವರಿಗೆ ಅವಮಾನವಾಗಿ ಕಂಡಿತೋ ಏನೋ. ನನಗೆ ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಬೇರೆ ಇಲ್ಲ.

ಹನ್ನೆರಡು ನಿಮಿಷದ ಸಿನಿಮಾ. ಮೂರು ಸಲ ಹಾಕಬೇಕಾಯಿತು.

ಮುಂದಿನ ಪಿಟಿಎ ಸಭೆಗೆ ಮಕ್ಕಳು ಒಂದು ಅರ್ಜಿ ಬರೆದಿದ್ದಾರೆ. ಎರಡು ಕಪ್ಪು ಕಂಬಳಿ, ಒಂದು ಉದ್ದದ ವೈರು, ಸಾಧ್ಯವಾದರೆ ಒಂದು ಒಳ್ಳೆಯ ಮೈಕು. ಕನ್ನಡದಲ್ಲಿ ಒಂದೂ ತಪ್ಪಿಲ್ಲದ ಅರ್ಜಿ, ನಾನು ತಿದ್ದಿದ್ದಲ್ಲ. ಸಭೆಯಲ್ಲಿ ಈ ಸಲ ನಾನು ಕೂರುವುದಿಲ್ಲ, ಎದ್ದು ನಿಂತು ಓದುತ್ತೇನೆ. ಬೇಡ ಎನ್ನುವವರು ಸಿನಿಮಾ ನೋಡಿ ಬಂದು ಹೇಳಲಿ. ಬೇರೆ ಶಾಲೆಯ ಅಧ್ಯಾಪಕರಿಗೆ ಬೇಕಾದರೆ ಪೆನ್‌ಡ್ರೈವ್ ತನ್ನಿ, ಹಾಕಿ ಕೊಡುತ್ತೇವೆ.