ಕನ್ನಡಕ್ಕೆಂದು ಬಿಟ್ಟ ಖಾಲಿ ಮನೆ

ಔರಂಗಾಬಾದ್ ನಗರಕ್ಕೆ ಛತ್ರಪತಿ ಸಂಭಾಜಿನಗರವೆಂದು ಹೆಸರಿಡಲು ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಲ್ಲೆಗೂ ಕಂದಾಯ ವಿಭಾಗಕ್ಕೂ ಆ ಹೆಸರು ಬಂದಿತು. ಊರ ಫಲಕವನ್ನು ಬದಲಿಸಲು ಒಂದು ಏಣಿ, ಒಂದು ಡಬ್ಬಿ ಬಣ್ಣ ಸಾಕು. ಆದರೆ ವಾಳೂಜ್, ಶೇಂದ್ರಾಗಳಲ್ಲಿ ಕಾರ್ಖಾನೆಗಳುಳ್ಳ ಬೃಹತ್ ಉದ್ದಿಮೆಯ ಜಾಲತಾಣದಲ್ಲಿ ಊರಿನ ಹೆಸರು ವಿಳಾಸದಲ್ಲಿರುತ್ತದೆ, ಮಾರಾಟಗಾರರ ಪಟ್ಟಿಯಲ್ಲಿರುತ್ತದೆ, ನೌಕರಿಯ ಜಾಹೀರಾತಿನಲ್ಲಿ, ವಾರ್ಷಿಕ ವರದಿಯಲ್ಲಿ, ಹತ್ತು ವರ್ಷ ಹಿಂದಿನ ಪತ್ರಿಕಾ ಹೇಳಿಕೆಯಲ್ಲಿಯೂ ಇರುತ್ತದೆ. ಇವುಗಳಲ್ಲಿ ಯಾವುದನ್ನು ತಿದ್ದಬೇಕು, ಯಾವುದನ್ನು ತಿದ್ದಬಾರದು, ಆ ಹೊಣೆ ಯಾರದು? ಈ ಪ್ರಶ್ನೆಯ ಮಗ್ಗುಲಲ್ಲೇ ಕನ್ನಡದ ಪ್ರಶ್ನೆಯೂ ಇದೆ.

ಸಾವಿರಾರು ಪುಟಗಳ ತಾಣವನ್ನು ಇಂದು ಯಾರೂ ಪುಟಪುಟವಾಗಿ ಕೈಯಿಂದ ತಿದ್ದುವುದಿಲ್ಲ. ಅದಕ್ಕೆಂದೇ ‘ಕಂಟೆಂಟ್ ಮ್ಯಾನೇಜ್‌ಮೆಂಟ್’ ಎಂದು ಕರೆಯಲಾಗುವ ತಂತ್ರಾಂಶಗಳಿವೆ. ಡ್ರೂಪಾಲ್, ಸೈಟ್‌ಕೋರ್, ಅಡೋಬಿ ಎಕ್ಸ್‌ಪೀರಿಯೆನ್ಸ್ ಮ್ಯಾನೇಜರ್ ಮುಂತಾದವು ಈ ಬಳಗಕ್ಕೆ ಸೇರಿದವು. ಇವುಗಳ ಮರ್ಮ ಸರಳವಾದುದು. ಬರಹವನ್ನು ಅದರ ಅಲಂಕಾರದಿಂದ ಬೇರ್ಪಡಿಸಿ ಒಂದೇ ಉಗ್ರಾಣದಲ್ಲಿ ಇಡುವುದು. ಒಬ್ಬರು ಬರೆದುದನ್ನು ಮತ್ತೊಬ್ಬರು ಪರಿಶೀಲಿಸಿ, ಮೂರನೆಯವರು ಒಪ್ಪಿದ ಮೇಲೆ ಪ್ರಕಟಿಸುವುದು. ಹಳೆಯ ಪಾಠಗಳನ್ನು ಅಳಿಸದೆ ಕಾದಿಡುವುದು. ಮುದ್ರಣಾಲಯದ ಲೇಖಕ, ಕರಡು ತಿದ್ದುವವ, ಸಂಪಾದಕ ಎಂಬ ಹಳೆಯ ಕ್ರಮವೇ ಹೊಸ ವೇಷದಲ್ಲಿ ಬಂದಿದೆ ಎನ್ನಬಹುದು.

ಯಂತ್ರಕ್ಕೆ ವೇಗವಿದೆ, ವಿವೇಕವಿಲ್ಲ. ‘ಔರಂಗಾಬಾದ್ ಇದ್ದಲ್ಲೆಲ್ಲ ಸಂಭಾಜಿನಗರ ಮಾಡು’ ಎಂದು ಆಜ್ಞಾಪಿಸಿದರೆ ಬಿಹಾರದ ಔರಂಗಾಬಾದ್ ಜಿಲ್ಲೆಯೂ ಮಹಾರಾಷ್ಟ್ರಕ್ಕೆ ಬಂದು ಸೇರೀತು! ನಮಗೂ ಇದು ಹೊಸತಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಬದಲಾದಾಗ ಬಿಜಾಪುರ ವಿಜಯಪುರವಾಯಿತು. ಆದರೆ ಛತ್ತೀಸಗಢದ ಬಿಜಾಪುರ ಬಿಜಾಪುರವಾಗಿಯೇ ಉಳಿದಿದೆ, ದೇವನಹಳ್ಳಿಯ ಬಳಿ ಮತ್ತೊಂದು ವಿಜಯಪುರ ಮೊದಲಿನಿಂದಲೂ ಇದೆ. ಆದ್ದರಿಂದಲೇ ಬಲ್ಲವರು ಊರಿಗೆ ಒಂದು ಗುರುತಿನ ಸಂಖ್ಯೆ ಕೊಟ್ಟು, ಹೆಸರುಗಳನ್ನು ಅದಕ್ಕೆ ಭಾಷೆಭಾಷೆಗೆ, ಕಾಲಕಾಲಕ್ಕೆ ಲಗತ್ತಿಸುತ್ತಾರೆ. ಊರು ಒಂದೇ, ಹೆಸರುಗಳು ಹಲವು: ಚರಿತ್ರೆ ಕಲಿಸಿದ ಪಾಠವನ್ನೇ ತಂತ್ರಾಂಶವೂ ಕಲಿಯಬೇಕಾಯಿತು.

ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಬರಹಕ್ಕೂ ಚೌಕಾಬಾರದ ಪಟದಂತೆ ಭಾಷೆಗೊಂದು ಮನೆ ಇರುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. 2015ರಲ್ಲಿ ಬಂದ ಡ್ರೂಪಾಲಿನ ಎಂಟನೆಯ ಆವೃತ್ತಿಯಲ್ಲಿ ಬಹುಭಾಷಾ ಸೌಕರ್ಯ ತಂತ್ರಾಂಶದ ಒಡಲಿನಲ್ಲಿಯೇ ಸೇರಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ನಿರ್ಮಿಸಿದ ಒಂದೇ ತಂತ್ರಾಂಶದ ಮೇಲೆ ನಾಸಿಕ್ ಜಿಲ್ಲೆಯ ತಾಣ ಮರಾಠಿಯಲ್ಲಿಯೂ ಬೆಳಗಾವಿ ಜಿಲ್ಲೆಯ ತಾಣ ಕನ್ನಡದಲ್ಲಿಯೂ ನಡೆಯುತ್ತಿವೆ. ರಾಜಭಾಷಾ ನಿಯಮಗಳ ಒತ್ತಾಯವಿರುವುದರಿಂದ ಕೇಂದ್ರ ಸರಕಾರದ ಉದ್ದಿಮೆಗಳು ಇಂಗ್ಲಿಷಿನೊಡನೆ ಹಿಂದಿಯ ಮನೆಯನ್ನು ತುಂಬುತ್ತವೆ. ಹೀಗಿರುವಾಗ ‘ತಾಂತ್ರಿಕವಾಗಿ ಆಗದು’ ಎಂಬ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಆದೇಶವಿದ್ದಲ್ಲಿ ಮನೆ ತುಂಬುತ್ತದೆ, ಕೇಳುವವರಿಲ್ಲದಲ್ಲಿ ಖಾಲಿ ಉಳಿಯುತ್ತದೆ.

ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ಕರ್ನಾಟಕ 2024ರಲ್ಲಿ ಕಾನೂನು ಮಾಡಿದೆ. ಅದು ಸ್ವಾಗತಾರ್ಹವೇ. ಆದರೆ ಗ್ರಾಹಕ ಇಂದು ಅಂಗಡಿಯ ಬಾಗಿಲಿಗಿಂತ ಮೊದಲು ಜಾಲತಾಣದ ಬಾಗಿಲು ತಟ್ಟುತ್ತಾನೆ. ಬೈಕು ಕೊಂಡ ಹಾವೇರಿಯ ರೈತನಿಗೆ ಖಾತರಿಯ ಷರತ್ತುಗಳು ತನ್ನ ನುಡಿಯಲ್ಲಿ ಸಿಗದಿದ್ದರೆ ಹೊರಗಿನ ಫಲಕದ ಕನ್ನಡದಿಂದ ಅವನಿಗಾದ ಲಾಭವೇನು?

ಯಂತ್ರಾನುವಾದವಿದೆಯಲ್ಲ, ಒಂದು ಗುಂಡಿ ಒತ್ತಿದರೆ ಮನೆ ತುಂಬೀತು ಎನ್ನುವವರಿದ್ದಾರೆ. ಮೊದಲ ಕರಡಿಗೆ ಅದು ನೆರವಾಗುವುದನ್ನು ಅಲ್ಲಗಳೆಯಲಾರೆ. ಆದರೆ ಬ್ರೇಕಿನ ಎಣ್ಣೆ ಬದಲಿಸುವ ಸೂಚನೆಯಲ್ಲಿ ‘ಮೊದಲು’, ‘ಅನಂತರ’ಗಳು ಅದಲುಬದಲಾದರೆ ಹೊಣೆ ಯಾರದು? ಇಂಗ್ಲಿಷ್ ಪುಟದಲ್ಲಿ ಖಾತರಿಯ ಅವಧಿ ತಿದ್ದುಪಡಿಯಾಗಿ ಕನ್ನಡದ ಪುಟದಲ್ಲಿ ಹಳೆಯದೇ ಉಳಿದರೆ ಗ್ರಾಹಕ ಯಾವುದನ್ನು ನಂಬಬೇಕು? ಮೂಲ ಬದಲಾದೊಡನೆ ‘ಈ ಅನುವಾದ ಹಳತಾಗಿದೆ’ ಎಂದು ಎಚ್ಚರಿಸುವ ಏರ್ಪಾಡನ್ನು ಇಂಥ ತಂತ್ರಾಂಶಗಳಲ್ಲಿ ಮಾಡಿಕೊಳ್ಳಬಹುದು. ಆ ಎಚ್ಚರಿಕೆಯನ್ನು ಓದುವ ಕನ್ನಡಿಗನೊಬ್ಬ ಕುರ್ಚಿಯಲ್ಲಿರಬೇಕು, ಅಷ್ಟೆ. ಹೊಣೆಗಾರನಿಲ್ಲದ ಕನ್ನಡ ಪುಟ ಖಾಲಿ ಮನೆಗಿಂತ ಹೆಚ್ಚು ಅಪಾಯಕಾರಿ.

ಇಲ್ಲಿ ನಮ್ಮ ಮಾತು ಬರುತ್ತದೆ. ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯಾಗಿ ಹೆಸರಿಸಿದ ಗೋದಾವರಿಯ ದಂಡೆಯಲ್ಲಿದ್ದೇವೆಂದು ನಾಸಿಕದ ನಾವು, ರಾಷ್ಟ್ರಕೂಟ ಕೃಷ್ಣನ ಕೈಲಾಸ ದೇವಾಲಯದ ನೆರೆಯವರೆಂದು ಸಂಭಾಜಿನಗರದ ಬಂಧುಗಳು ರಾಜ್ಯೋತ್ಸವದ ವೇದಿಕೆಯಲ್ಲಿ ಪ್ರತಿ ವರ್ಷ ಹೆಮ್ಮೆಪಡುತ್ತೇವೆ. ಓಝರಿನ ವಿಮಾನ ಕಾರ್ಖಾನೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್.ಎ.ಎಲ್.ಗೆ ಸೇರಿದ್ದು, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದ ಮೈಕೋ ಕೂಡ ಬೆಂಗಳೂರಿನದೇ, ಅದರ ಕಾರ್ಖಾನೆ ನಾಸಿಕದಲ್ಲಿದೆ. ಇಂಥ ನಂಟುಗಳ ಎಳೆ ಹಿಡಿದು ಬಂದವರೂ ಅವರ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಇಂಥ ತಂತ್ರಾಂಶಗಳ ಕೀಲಿಯನ್ನೇ ಕೈಯಲ್ಲಿ ಹಿಡಿದಿದ್ದಾರೆ. ಪಟ್ಟಿಯಲ್ಲಿ ಕನ್ನಡವನ್ನು ಸೇರಿಸುವುದೂ ಬಿಡುವುದೂ ಅವರ ಮೇಜಿನ ಮೇಲೆಯೇ ನಡೆಯುತ್ತದೆ. ನಾವು ಮಾತ್ರ ಅವರನ್ನು ನವೆಂಬರಿನ ಧ್ವನಿವರ್ಧಕದ ವ್ಯವಸ್ಥೆಗಷ್ಟೇ ಕರೆಯುತ್ತೇವೆ!

ಉದ್ದಿಮೆಗಳಲ್ಲಿ ನಾವು ಕೇಳಬೇಕಾದುದು ದೊಡ್ಡದೇನಲ್ಲ. ಕರ್ನಾಟಕದಲ್ಲಿ ಸರಕು ಮಾರುವವರು ಸುರಕ್ಷತೆ, ಖಾತರಿ, ದೂರು ಈ ಮೂರು ವಿಷಯಗಳನ್ನಾದರೂ ಕನ್ನಡದಲ್ಲಿಯೂ ಕೊಡಲಿ. ಅದನ್ನು ಪರಿಶೀಲಿಸಿ ಒಪ್ಪುವ ಅಧಿಕಾರ ಕನ್ನಡ ಬಲ್ಲ ಒಬ್ಬರಿಗಿರಲಿ. ನಾವು ಬಾಳುತ್ತಿರುವ ನೆಲದ ಮರಾಠಿಗೂ ಇದೇ ನ್ಯಾಯ ಸಲ್ಲಲಿ. ನಮ್ಮ ಪಾಲಿನ ಕೆಲಸವೂ ಇದೆ: ಕಾರ್ಖಾನೆಯ ಬಿಡಿಭಾಗಗಳಿಗೆ ನಮ್ಮ ಮೆಕ್ಯಾನಿಕರು ನಿಜವಾಗಿ ಆಡುವ ಪದಗಳನ್ನು ಎರಡೂ ಊರಿನ ಸಂಘಗಳು ಕಲೆಹಾಕಿ ಪಟ್ಟಿಮಾಡಿ ಕೊಡಬಹುದು.

ಕನ್ನಡಕ್ಕೆಂದು ಒಂದು ಮನೆ ಕಟ್ಟಿ ಆಗಿದೆ. ಬೀಗದ ಕೈ ನಮ್ಮ ಮಕ್ಕಳ ಜೇಬಿನಲ್ಲಿಯೇ ಇದೆ. ದೀಪ ಹಚ್ಚಲು ಇನ್ನಾರು ಬರಬೇಕೆಂದು ಕಾಯುತ್ತಿದ್ದೇವೆ?